‘ಮೋಸ’ವೆಂಬ ಭಾರವಾದ ಮಾತು

ನಮ್ಮ ದಿನಬಳಕೆಯಲ್ಲಿ ‘ಮೋಸ’ ಎಂಬ ಪದ ಬಹಳ ಅಗ್ಗವಾಗಿಬಿಟ್ಟಿದೆ. ಸಂತೆಯಲ್ಲಿ ತೂಕ ತುಸು ಕಡಿಮೆ ಬಂದರೂ ಮೋಸ, ದರ್ಜಿ ಹೇಳಿದ ದಿನಕ್ಕೆ ಬಟ್ಟೆ ಕೊಡದಿದ್ದರೂ ಮೋಸ. ಇನ್ನು ಮನೆ ಕಟ್ಟಿಸಿದವರನ್ನಂತೂ ಕೇಳುವುದೇ ಬೇಡ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಈ ಎರಡನ್ನೂ ಜೊತೆಯಲ್ಲಿಟ್ಟದ್ದು ಬರಿಯ ಖರ್ಚಿನ ಕಾರಣಕ್ಕೆ ಇರಲಾರದು. ಎರಡರಲ್ಲಿಯೂ ಕಡೆಗೆ ಲೆಕ್ಕ ತಾಳೆಯಾಗುವುದಿಲ್ಲ. ಲೆಕ್ಕ ತಾಳೆಯಾಗದಾಗ ಬಾಯಿಗೆ ಮೊದಲು ಬರುವ ಮಾತು ಇದೇ.

ಆದರೆ ನ್ಯಾಯಾಲಯದ ಹೊಸಿಲು ದಾಟಿದೊಡನೆ ಈ ಪದದ ತೂಕವೇ ಬೇರೆ. ಅಲ್ಲಿ ‘ಮೋಸ’ವೆಂದು ಬರೆದವನು ಅದನ್ನು ಹೊತ್ತು ನಡೆಯಬೇಕಾಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮನೆ ಕಟ್ಟಿಸುವ ವಯಸ್ಸಿನಲ್ಲಿದ್ದೀರಿ. ಕೆಲವರು ಕಟ್ಟಿಕೊಡುವ ಉದ್ಯೋಗದಲ್ಲಿಯೂ ಇದ್ದೀರಿ. ಇಬ್ಬರಿಗೂ ಉಪಯೋಗವಾದೀತೆಂದು ಈ ವಿಷಯವನ್ನು ಇಂದು ಬರೆಯುತ್ತಿದ್ದೇನೆ.

ನನಗೆ ಇದರ ಪರಿಚಯವಾದದ್ದು 2019ರಲ್ಲಿ. ನನ್ನ ಭಾವಮೈದುನ ತಾಲ್ಲೂಕು ಕೇಂದ್ರವೊಂದರಲ್ಲಿ ಮನೆ ಕಟ್ಟಿಸಿದ. ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಹಣವೆಲ್ಲವೂ ಆ ಮನೆಗೆ ಹೋಗಿತ್ತು. ಕಂಟ್ರಾಕ್ಟರು 1990ರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ. ಗಾರೆ ಕೆಲಸದಿಂದ ತೊಡಗಿ, ಮೇಸ್ತ್ರಿಯಾಗಿ, ಸ್ವಂತ ದುಡಿಮೆಯಿಂದ ಮೇಲೆ ಬಂದವನು. ಅವರಿಬ್ಬರೂ ತಾವೇ ಪರಿಚಯ ಮಾಡಿಕೊಂಡು ಮಾತು ಮುಗಿಸಿದ್ದರು. ನನಗೆ ಸುದ್ದಿ ತಿಳಿದದ್ದು ಗೃಹಪ್ರವೇಶದ ಆಮಂತ್ರಣ ಬಂದಾಗ. ಜಗಳ ತಿಳಿದದ್ದು ಅದಾದ ಎರಡು ತಿಂಗಳಿಗೆ.

ಒಪ್ಪಂದವೆಂದರೆ ಛಾಪಾಕಾಗದದ ಮೇಲೆ ಒಂದೇ ಪುಟ. ಸಾಮಗ್ರಿಯೂ ಸೇರಿ ಚದರಕ್ಕೆ 1 ಲಕ್ಷ 70 ಸಾವಿರ ರೂಪಾಯಿ. (ದೂರದೇಶಗಳಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ: ನಮ್ಮ ಕಡೆ ಚದರವೆಂದರೆ 100 ಚದರ ಅಡಿ.) ಸಂಪು ಮತ್ತು ಕಾಂಪೌಂಡು ಗೋಡೆಯನ್ನು ಬೇರೆಯಾಗಿ, ಅಂಗಡಿಯ ರಸೀದಿಯಂತೆ ಸಾಮಗ್ರಿಯ ಬೆಲೆ ಮತ್ತು ಕೂಲಿ ಕೊಟ್ಟು ಮಾಡಿಸುವುದೆಂದು ಮಾತಾಗಿತ್ತು. ಮನೆ 12 ಚದರ ಎಂದುಕೊಂಡಿದ್ದ ಭಾವಮೈದುನನಿಗೆ ಕೊನೆಯ ಬಿಲ್ಲು ಹದಿಮೂರೂವರೆ ಚದರಕ್ಕೆ ಬಂತು. ಆ ಒಂದೂವರೆ ಚದರಕ್ಕೇ 2 ಲಕ್ಷ 55 ಸಾವಿರ. ಅವನು ಕೋಪಗೊಂಡು ಬಾಕಿ ಇದ್ದ 4 ಲಕ್ಷ ರೂಪಾಯಿಗಳನ್ನು ಪೂರ್ತಿಯಾಗಿ ತಡೆಹಿಡಿದ. ಒಮ್ಮೆ ಸಂಶಯ ಹೊಕ್ಕ ಮೇಲೆ ಎಲ್ಲ ಕಡೆಯೂ ಅದೇ ಕಾಣತೊಡಗಿತು. ಕಂಬಗಳಿಗೆ 12 ಮಿಲಿಮೀಟರ್ ಕಂಬಿ ಎಂದು ಹೇಳಿ 10 ಮಿಲಿಮೀಟರಿನದು ಹಾಕಿದ್ದಾನೆ ಎಂದ. ಹಜಾರದ ಗೋಡೆ ಬಿರುಕುಬಿಟ್ಟಿದೆ, ಬಚ್ಚಲಿನ ನೀರು ಸೋರುತ್ತಿದೆ ಎಂದ. ಸಿಮೆಂಟಿನ ರಸೀದಿಗಳೇ ಸುಳ್ಳು ಎಂದ.

“ಭಾವ, ಇವನು ಮೊದಲಿನಿಂದಲೂ ನನಗೆ ಮೋಸ ಮಾಡಬೇಕು ಅಂತಲೇ ಬಂದವನು. ಫೋರ್ ಟ್ವೆಂಟಿ ಕೇಸು ಹಾಕೋದೇ ಸೈ” ಎಂದು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ. ವಕೀಲರೊಬ್ಬರಿಂದ ಬರೆಸಿದ ನೋಟಿಸಿನ ಕರಡೂ ಅವನ ಕೈಯಲ್ಲಿತ್ತು. ಆ ಎರಡು ಪುಟಗಳಲ್ಲಿ ‘ವಂಚನೆ’, ‘ದುರುದ್ದೇಶ’, ‘ಕುತಂತ್ರ’ ಎಂಬ ಪದಗಳು ಹದಿನಾಲ್ಕು ಸಲ ಬಂದಿದ್ದವು. ಲೆಕ್ಕದ ಮೇಷ್ಟ್ರಾದ್ದರಿಂದ ಎಣಿಸಿದೆ.

ಅದೇ ವಾರ ಆ ಹುಡುಗನೂ ಬಂದ. ಹುಡುಗನೆನ್ನುತ್ತೇನೆ, ಅವನ ಮಗಳಿಗೇ ಗಂಡು ನೋಡುತ್ತಿದ್ದರು. “ಸಾರ್, ಕೆಲಸದಲ್ಲಿ ಹೆಚ್ಚುಕಮ್ಮಿ ಆಗಿರಬಹುದು. ಆದರೆ ಪೊಲೀಸ್ ಸ್ಟೇಷನ್ನಿನಲ್ಲಿ ಮೋಸಗಾರ ಅಂತ ಬರೆಸಿಬಿಟ್ಟರೆ ನಾಳೆ ಈ ಊರಲ್ಲಿ ಯಾರು ಸಾರ್ ನನಗೆ ಮನೆ ಕೊಡ್ತಾರೆ? ಮಗಳ ಮಾತುಕತೆ ಏನಾಗುತ್ತೆ?” ಎಂದವನು, ತಾನೂ ಬಾಕಿ ಹಣಕ್ಕೆ ದಾವೆ ಹೂಡುವವನೇ ಎಂದೂ ಸೇರಿಸಿದ.

ಒಬ್ಬನದು ಬಾಳಿನ ಉಳಿತಾಯ, ಇನ್ನೊಬ್ಬನದು ಬಾಳಿನ ಹೆಸರು. ನಡುವೆ ನನ್ನ ಹೆಂಡತಿ, ಒಬ್ಬನಿಗೆ ಅಕ್ಕ. ಇನ್ನೊಬ್ಬ ಚಿಕ್ಕವನಾಗಿದ್ದಾಗ ಮನೆಪಾಠಕ್ಕೆ ಬಂದರೆ ತಿಂಡಿ ಕೊಟ್ಟು ಕಳುಹಿಸುತ್ತಿದ್ದವಳು.

ಆ ಕರಡನ್ನು ನಾನು ವಕೀಲಿ ಮಾಡುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ತೋರಿಸಿದೆ. ಓದಿ ಮುಗಿಸಿ ಅವಳು ಹೇಳಿದ ಮಾತು ಇಂದಿಗೂ ನೆನಪಿದೆ: “ಸರ್, ಇದರಲ್ಲಿ ಕೋಪ ಇದೆ. ಮೋಸ ಎಲ್ಲಿದೆ?” ಅನಂತರ ಅವಳು ನನಗೆ ಪಾಠ ಹೇಳಿದಳು. ಹೇಳಿಕೊಟ್ಟವರಿಗೆ ಕೇಳಿಸಿಕೊಳ್ಳುವ ಸುಖವೂ ದೊರೆಯಬೇಕಲ್ಲವೆ!

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದು. ಅದರ 6ನೆಯ ಆದೇಶದ 4ನೆಯ ನಿಯಮ ಹೀಗೆನ್ನುತ್ತದೆ: ವಂಚನೆ, ತಪ್ಪು ನಿರೂಪಣೆ, ನಂಬಿಕೆದ್ರೋಹ, ಅನುಚಿತ ಪ್ರಭಾವ ಮುಂತಾದುವನ್ನು ಆಧಾರವಾಗಿಟ್ಟುಕೊಂಡವನು ಅದರ ವಿವರಗಳನ್ನು, ಅಗತ್ಯವಿದ್ದರೆ ದಿನಾಂಕ ಮತ್ತು ಬಾಬತ್ತುಗಳ ಸಹಿತ, ತನ್ನ ವಾದಪತ್ರದಲ್ಲಿಯೇ ಬರೆಯಬೇಕು. ಯಾರು, ಯಾವ ದಿನ, ಏನು ಸುಳ್ಳು ಹೇಳಿದರು, ಅದು ಸುಳ್ಳೆಂದು ಅವರಿಗೆ ತಿಳಿದಿತ್ತೆಂಬುದು ಹೇಗೆ ಗೊತ್ತು, ಅದನ್ನು ನಂಬಿ ನಾನು ಏನು ಮಾಡಿದೆ, ಏನು ಕಳೆದುಕೊಂಡೆ ಎಂಬುದೆಲ್ಲ ಬೇಕು. 1951ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಬಿಶುಂದೇವ್ ನಾರಾಯಣ್ ಪ್ರಕರಣದಲ್ಲಿ, ಭಾಷೆ ಎಷ್ಟೇ ಕಟುವಾಗಿದ್ದರೂ ವಿವರವಿಲ್ಲದ ಸಾಮಾನ್ಯ ಆರೋಪವನ್ನು ವಂಚನೆಯ ಆರೋಪವೆಂದು ಪರಿಗಣಿಸಲಾಗದೆಂಬ ಅರ್ಥದಲ್ಲಿ ಹೇಳಿದೆ. ಎಂದರೆ ಕರಡಿನ ಆ ಹದಿನಾಲ್ಕು ಪದಗಳಿಗೆ ನ್ಯಾಯಾಲಯದಲ್ಲಿ ಒಂದು ದಿನಾಂಕದಷ್ಟೂ ಬೆಲೆಯಿಲ್ಲ.

ಇದು ನನಗೆ ವಿಚಿತ್ರವೆನಿಸಲಿಲ್ಲ. ಉತ್ತರ ಮಾತ್ರ ಬರೆದು ಹೆಜ್ಜೆಗಳನ್ನು ಬಿಟ್ಟವರಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂಬುದು ನಿಮಗೆಲ್ಲ ನೆನಪಿದೆಯಷ್ಟೆ!

ಇನ್ನು ವಂಚನೆ ಎಂದರೇನು? 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣ ಅದನ್ನು ಬಿಡಿಸಿ ಹೇಳಿದೆ. ತಾನೇ ನಿಜವೆಂದು ನಂಬದ ಸಂಗತಿಯನ್ನು ನಿಜವೆಂದು ಹೇಳುವುದು. ತಿಳಿದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದು. ನಡೆಸುವ ಉದ್ದೇಶವೇ ಇಲ್ಲದೆ ಮಾತು ಕೊಡುವುದು ಇತ್ಯಾದಿ. ಇವೆಲ್ಲವುಗಳ ಬೇರು ಮನಸ್ಸಿನಲ್ಲಿದೆ. ಗಾರೆ ಸರಿಯಾಗಿ ಹದಗೊಳ್ಳದೆ ಗೋಡೆ ಬಿರುಕುಬಿಟ್ಟರೆ ಅದು ಕಳಪೆ ಕೆಲಸ. ಸರಿಪಡಿಸಿಕೊಡಬೇಕು ಅಥವಾ ನಷ್ಟ ತುಂಬಿಕೊಡಬೇಕು. ಬಿರುಕಿದೆಯೆಂದು ತಿಳಿದೂ ಪುಟ್ಟಿ ಬಳಿದು ಬಣ್ಣ ಹಚ್ಚಿ ಹಣ ಎಣಿಸಿಕೊಂಡರೆ ಅಲ್ಲಿ ಮರೆಮಾಚುವ ಬುದ್ಧಿ ಸೇರಿತು. ಗೋಡೆ ಅದೇ, ಬಿರುಕು ಅದೇ. ಎರಡನ್ನು ಬೇರ್ಪಡಿಸುವುದು ಅರಿವು.

ಪೊಲೀಸು ದೂರಿನ ಮಾತೂ ಹೀಗೆಯೇ. ಅಂದು ಭಾರತೀಯ ದಂಡಸಂಹಿತೆಯ 420ನೆಯ ಪ್ರಕರಣವಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣ ಬಂದಿದೆ. ಸಂಖ್ಯೆ ಬದಲಾದರೂ ತತ್ತ್ವ ಬದಲಾಗಿಲ್ಲ. ಮಾತು ಕೊಟ್ಟು ಆಮೇಲೆ ತಪ್ಪಿದ್ದು ಕರಾರಿನ ಉಲ್ಲಂಘನೆ. ಮಾತು ಕೊಡುವ ಗಳಿಗೆಯಲ್ಲಿಯೇ ವಂಚಿಸುವ ಉದ್ದೇಶವಿದ್ದರೆ ಅದು ಅಪರಾಧ. 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. 2006ರಲ್ಲಿ ಇಂಡಿಯನ್ ಆಯಿಲ್ ಪ್ರಕರಣದಲ್ಲಿ, ಸಿವಿಲ್ ವ್ಯಾಜ್ಯಗಳನ್ನು ಕ್ರಿಮಿನಲ್ ಮೊಕದ್ದಮೆಗಳಾಗಿ ಮಾರ್ಪಡಿಸಿ ಒತ್ತಡ ತರುವ ಪ್ರವೃತ್ತಿ ಬೆಳೆಯುತ್ತಿರುವುದನ್ನು ಅದೇ ನ್ಯಾಯಾಲಯ ಖಂಡಿಸಿತು.

ವಕೀಲೆಯ ಸಲಹೆಯಂತೆ ಒಂದು ಭಾನುವಾರ ನಾವು ಆ ಮನೆಯಲ್ಲಿ ಸೇರಿದೆವು. ನಾಲ್ಕು ಆರೋಪಗಳನ್ನು ನಾಲ್ಕು ಹಾಳೆಗಳಲ್ಲಿ ಬರೆದೆ. ‘ಮೋಸ’ ಎಂಬ ಪದವನ್ನು ಆ ದಿನ ಯಾರೂ ಬಳಸಕೂಡದೆಂದು ಕಟ್ಟು ಮಾಡಿದೆ.

ಮೊದಲು ಕಂಬಿ. ಮುಂದೆಂದಾದರೂ ಮಹಡಿ ಎತ್ತಬಹುದೆಂದು ತಾರಸಿಯ ಮೇಲೆ ಕಂಬದ ಕಂಬಿಗಳನ್ನು ಚಾಚಿ ಬಿಟ್ಟಿದ್ದರು. ಒಂದರ ತುದಿಯಿಂದ 30 ಸೆಂಟಿಮೀಟರ್ ತುಂಡು ಕತ್ತರಿಸಿದೆವು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ದೊರೆಯುತ್ತದೆ. 12 ಮಿಲಿಮೀಟರಿನದಾದರೆ ಆ ತುಂಡು ಸುಮಾರು 266 ಗ್ರಾಂ ಇರಬೇಕು, 10ರದಾದರೆ 185 ಗ್ರಾಂ. ಬೀದಿಯ ಕೊನೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟೆವು; 264 ಗ್ರಾಂ ತೋರಿಸಿತು. ಉಳಿದ ಕಂಬಗಳ ಕಂಬಿಯನ್ನೂ ಅಳತೆಪಟ್ಟಿ ಹಿಡಿದು ನೋಡಿದೆವು. ಭಾವಮೈದುನ ಏನೂ ಹೇಳಲಿಲ್ಲ. ಆ ಹಾಳೆಯನ್ನು ತಾನೇ ಹರಿದು ಕಿಸೆಗೆ ಹಾಕಿಕೊಂಡ.

ಎರಡನೆಯದು ಅಳತೆ. ಹೆಚ್ಚುವರಿ 150 ಚದರ ಅಡಿ ಎಲ್ಲಿಂದ ಬಂತು? ಪೋರ್ಟಿಕೊ 60, ಬಾಲ್ಕನಿ 30, ತಾರಸಿಯ ಮೆಟ್ಟಿಲ ಮೇಲಿನ ಕೋಣೆ 60. ಟೇಪು ಹಿಡಿದರೆ ಅಂಕಿಗಳು ಸರಿಯಾಗಿಯೇ ಇದ್ದವು. ಇವನ್ನು ಚದರದ ಲೆಕ್ಕಕ್ಕೆ ಸೇರಿಸಬೇಕೆ ಬೇಡವೆ ಎಂಬುದು ಆ ಒಂದು ಪುಟದ ಒಪ್ಪಂದದಲ್ಲಿ ಎಲ್ಲಿಯೂ ಇರಲಿಲ್ಲ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಒಂದೇ ಪದಕ್ಕೆ ಇಬ್ಬರೂ ಬೇರೆಬೇರೆ ಅರ್ಥ ಮಾಡಿಕೊಂಡಿದ್ದರು. ಪೋರ್ಟಿಕೊ, ಬಾಲ್ಕನಿಗಳಿಗೆ ಅರ್ಧ, ಮೆಟ್ಟಿಲ ಕೋಣೆಗೆ ಪೂರ್ತಿ ಎಂದು ತೀರ್ಮಾನವಾಯಿತು. 45 ಚದರ ಅಡಿ ಕಳೆಯಿತು. 76,500 ರೂಪಾಯಿ ಇಳಿಯಿತು.

ಮೂರನೆಯದು ಬಿರುಕು ಮತ್ತು ಸೋರಿಕೆ. ಅದನ್ನು ಕಂಟ್ರಾಕ್ಟರು ನೋಡಿದೊಡನೆ ಒಪ್ಪಿದ. ಬಚ್ಚಲಿನ ನೆಲವನ್ನು ಕಿತ್ತು ತನ್ನ ಖರ್ಚಿನಲ್ಲಿಯೇ ಮತ್ತೆ ಹಾಕಿಸಿಕೊಡುವುದೆಂದೂ, ಮುಂದಿನ ಮಳೆಗಾಲ ಕಳೆಯುವವರೆಗೆ 20 ಸಾವಿರ ರೂಪಾಯಿ ಭಾವಮೈದುನನಲ್ಲಿಯೇ ಉಳಿಯುವುದೆಂದೂ ಬರೆದುಕೊಂಡೆವು.

ನಾಲ್ಕನೆಯದು ರಸೀದಿಗಳು. ಕಾಂಪೌಂಡಿನ ಬಾಬತ್ತಿನ ಹನ್ನೊಂದು ರಸೀದಿಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ನೋಡುತ್ತ ಹೋದೆ. ಎರಡು ರಸೀದಿಗಳ ಕ್ರಮಸಂಖ್ಯೆ ಒಂದೇ ಆಗಿತ್ತು. 40 ಮೂಟೆ ಸಿಮೆಂಟು, ಮೂಟೆಗೆ 350ರಂತೆ 14,000 ರೂಪಾಯಿ. ಒಂದು ಮೂಲಪ್ರತಿ, ಇನ್ನೊಂದು ಅದರದೇ ನಕಲು, ದಿನಾಂಕದಲ್ಲಿ 3 ಇದ್ದದ್ದನ್ನು 8 ಮಾಡಿದ್ದರು. ನಾನು ಎರಡನ್ನೂ ಅವನ ಮುಂದೆ ಸರಿಸಿದೆ. ಬಹಳ ಹೊತ್ತು ಅವನು ತಲೆ ಎತ್ತಲಿಲ್ಲ. “ಬಿಲ್ಲು ಜೋಡಿಸುವ ಹುಡುಗ…” ಎಂದು ಆರಂಭಿಸಿದವನು ನಡುವೆಯೇ ನಿಲ್ಲಿಸಿ, “ತೆಗೆದುಬಿಡಿ ಸಾರ್. ಸಹಿ ನನ್ನದೇ” ಎಂದ.

ಆ ‘ಸಹಿ ನನ್ನದೇ’ ಎಂಬ ಮಾತಿಗಾಗಿ ಅವನ ಮೇಲಿನ ನನ್ನ ಗೌರವ ಪೂರ್ತಿ ಅಳಿಯದೆ ಉಳಿಯಿತು. ಆದರೆ ತಪ್ಪನ್ನು ಮುಚ್ಚಿಡುವುದು ನನ್ನ ಕೆಲಸವಾಗಿರಲಿಲ್ಲ. ಅದು ಮೋಸವೇ ಎಂದು ಸಂಜೆ ಅವನೊಬ್ಬನನ್ನೇ ಕೂರಿಸಿಕೊಂಡು ಹೇಳಿದೆ. 90,500 ಕಳೆದು, 20 ಸಾವಿರ ತಡೆದು, ಉಳಿದ 2 ಲಕ್ಷ 89 ಸಾವಿರದ 500 ರೂಪಾಯಿಗಳನ್ನು ಭಾವಮೈದುನ ಚೆಕ್ಕಿನಲ್ಲಿ ಕೊಟ್ಟ. ಇಬ್ಬರೂ ಇಂದಿಗೂ ಹೆಚ್ಚು ಮಾತನಾಡುವುದಿಲ್ಲ. ಆದರೆ ಕೋರ್ಟಿನ ಕಟ್ಟೆಯನ್ನು ಯಾರೂ ಹತ್ತಲಿಲ್ಲ. ಮಳೆಗಾಲ ಕಳೆದ ಮೇಲೆ ಆ 20 ಸಾವಿರವೂ ಸಂದಿತು.

ಇದರಿಂದ ನನಗೆ ಹೊಳೆದ ಸಂಗತಿ ಒಂದಿದೆ. ಭಾವಮೈದುನನ ನಾಲ್ಕು ಆರೋಪಗಳಲ್ಲಿ ಒಂದು ನಿಜವಾಗಿತ್ತು. ಹದಿನಾಲ್ಕು ‘ವಂಚನೆ’ಗಳ ಆ ನೋಟಿಸು ಹಾಗೆಯೇ ಹೋಗಿ ದಾವೆಯಾಗಿದ್ದರೆ, ಕಂಬಿಯ ಆರೋಪ ಸುಳ್ಳಾಗಿ, ಅಳತೆಯದು ಕೇವಲ ಅರ್ಥಭೇದವಾಗಿ, ಬಿರುಕಿನದು ಬರಿಯ ಕಳಪೆ ಕೆಲಸವಾಗಿ ಬಿದ್ದುಹೋಗುತ್ತಿದ್ದವು. ಅವುಗಳ ಕೆಳಗೆ ಆ ಒಂದು ನಿಜವೂ ಹೂತುಹೋಗುತ್ತಿತ್ತು. ಎಲ್ಲವನ್ನೂ ಮೋಸವೆಂದವನ ಮಾತಿನಲ್ಲಿ ನಿಜವಾದ ಮೋಸಕ್ಕೆ ಜಾಗವಿರುವುದಿಲ್ಲ.

ಹಾಗೆಂದು ನ್ಯಾಯಾಲಯಗಳು ಮೋಸದ ಬಗ್ಗೆ ಮೃದುವೆಂದು ತಿಳಿಯಬೇಡಿ. ರುಜುವಾತಾದ ವಂಚನೆಯ ಮುಂದೆ ಯಾವ ಕಾಗದವೂ ನಿಲ್ಲುವುದಿಲ್ಲ. 1993ರಲ್ಲಿ ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ, ಮುಖ್ಯ ದಾಖಲೆಯನ್ನು ಮುಚ್ಚಿಟ್ಟು ಪಡೆದ ಡಿಕ್ರಿಯನ್ನೇ ಸರ್ವೋಚ್ಚ ನ್ಯಾಯಾಲಯ ಇಲ್ಲವೆನಿಸಿತು. 1963ರ ಕಾಲಮಿತಿ ಅಧಿನಿಯಮದ 17ನೆಯ ಪ್ರಕರಣದಂತೆ, ವಂಚನೆಯನ್ನು ಆಧರಿಸಿದ ದಾವೆಗೆ ಅದು ಪತ್ತೆಯಾದಂದಿನಿಂದ, ಅಥವಾ ತಕ್ಕ ಎಚ್ಚರವಿದ್ದರೆ ಪತ್ತೆಯಾಗಬಹುದಾಗಿದ್ದಂದಿನಿಂದ, ಅವಧಿಯ ಎಣಿಕೆ ತೊಡಗುತ್ತದೆ. ಇಷ್ಟು ಬಲವಾದ ಆಯುಧವಾದ್ದರಿಂದಲೇ ಅದನ್ನು ಒರೆಯಿಂದ ತೆಗೆಯುವವನಿಗೆ ಅಷ್ಟು ಕಟ್ಟುಪಾಡು.

ದೊಡ್ಡ ಕಾಮಗಾರಿಗಳಲ್ಲಿಯೂ ಇದೇ ನ್ಯಾಯ. ಅಲ್ಲಿ ಕಂಟ್ರಾಕ್ಟರು ಕೆಲಸ ಕೊಟ್ಟವರಿಗೆ ಬ್ಯಾಂಕ್ ಗ್ಯಾರಂಟಿ ಕೊಟ್ಟಿರುತ್ತಾರೆ; ಜಗಳವಾದಾಗ ಅವರು ಬ್ಯಾಂಕಿನಿಂದ ಹಣ ಕೇಳುತ್ತಾರೆ, ಇವರು ‘ಮೋಸ’ವೆಂದು ತಡೆಯಾಜ್ಞೆಗೆ ಓಡುತ್ತಾರೆ. 1987ರಲ್ಲಿ ಉತ್ತರ ಪ್ರದೇಶದ ವನಸ್ಪತಿ ಘಟಕವೊಂದರ ನಿರ್ಮಾಣದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ, ಇಡೀ ವ್ಯವಹಾರವನ್ನೇ ಕೆಡಿಸುವಂಥ ಘೋರ ವಂಚನೆಯಿದ್ದರೆ ಮಾತ್ರ ಬ್ಯಾಂಕನ್ನು ತಡೆಯಬಹುದೆಂದಿತು. ಆ ಮಾತನ್ನು ವಿಶದಪಡಿಸಿದವರಲ್ಲಿ ಒಬ್ಬರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಮೇಲೇರಿದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು. ಹಾಗೆಯೇ, ಮಧ್ಯಸ್ಥಿಕೆಗೆ ಒಪ್ಪಿದವನು ಬರಿಯ ‘ಮೋಸ’ದ ಕೂಗೆಬ್ಬಿಸಿ ಅದರಿಂದ ತಪ್ಪಿಸಿಕೊಳ್ಳಲಾಗದೆಂದು 2016ರಲ್ಲಿ ಅಯ್ಯಸಾಮಿ ಪ್ರಕರಣದಲ್ಲಿ ತೀರ್ಪಾಯಿತು.

ಇಂಗ್ಲೆಂಡಿನಲ್ಲಿ ಕಟ್ಟಡಗಳ ಅಳತೆ–ಬಿಲ್ಲುಗಳ ಕೆಲಸದಲ್ಲಿರುವ ಶಿಷ್ಯನೊಬ್ಬ ಫೋನಿನಲ್ಲಿ ಈ ಕಥೆ ಕೇಳಿ, ಅಲ್ಲಿಯೂ ಹೀಗೆಯೇ ಎಂದ. ಅಲ್ಲಿ 1996ರ ಕಾನೂನಿನಂತೆ ನಿರ್ಮಾಣದ ಹಣದ ವ್ಯಾಜ್ಯಗಳನ್ನು ನಿರ್ಣಾಯಕರೊಬ್ಬರು ಸಾಮಾನ್ಯವಾಗಿ 28 ದಿನಗಳಲ್ಲಿ ತೀರ್ಮಾನಿಸುತ್ತಾರೆ; ಮೊದಲು ಹಣ ಕೊಡಬೇಕು, ವಾದ ಆಮೇಲೆ. 2009ರಲ್ಲಿ ಸೈರನ್‌ಸೆಸ್ಟರ್ ಊರಿನ ಹೋಟೆಲೊಂದರ ಪ್ರಕರಣದಲ್ಲಿ ಮಾಲೀಕರು ವಂಚನೆಯೆಂದು ವಾದಿಸಿದರೂ ನ್ಯಾಯಾಲಯ ಹಣ ಕೊಡಿಸಿತು: ನಿರ್ಣಾಯಕರ ಮುಂದೆಯೇ ಎತ್ತಬಹುದಾಗಿದ್ದ ಮಾತನ್ನು ಆಮೇಲೆ ಗುರಾಣಿ ಮಾಡಿಕೊಳ್ಳಲಾಗದು. 2020ರಲ್ಲಿ ವೇಲ್ಸಿನ ರೆಕ್ಸಮ್ ಊರಿನ ವಿದ್ಯುತ್ ಘಟಕದ ಪ್ರಕರಣದಲ್ಲಾದರೋ, ನಿರ್ಣಾಯಕರಿಗೆ ಹೇಳಿದ್ದು ಸುಳ್ಳಿರಬಹುದೆಂದು ತೋರಿಸುವ ದಾಖಲೆಗಳು ಆಮೇಲೆ ಹೊರಬಂದದ್ದರಿಂದ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಕೂಡಲೇ ಜಾರಿಗೊಳಿಸಲು ಒಪ್ಪಲಿಲ್ಲ. ಒಂದು ಕಡೆ ಕಾಲಮೀರಿದ ಕೂಗು, ಇನ್ನೊಂದು ಕಡೆ ಕಾಗದ.

ಮನೆ ಕಟ್ಟಿಸುವವರಿಗೆ ನನ್ನ ಕಿವಿಮಾತು ಇಷ್ಟೇ. ಚದರದ ಲೆಕ್ಕಕ್ಕೆ ಏನೇನು ಸೇರುತ್ತದೆಂಬುದನ್ನು ಮೊದಲೇ ಬರೆಯಿರಿ. ಪ್ರತಿ ಹಂತದಲ್ಲಿಯೂ ಇಬ್ಬರೂ ಸೇರಿ ಅಳತೆ ಮಾಡಿ, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ. ಲೋಕೋಪಯೋಗಿ ಇಲಾಖೆಯವರು ಅಳತೆ ಪುಸ್ತಕ ಇಡುವುದು ಸುಮ್ಮನೆ ಅಲ್ಲ. ರಸೀದಿಯ ಮೂಲಪ್ರತಿಯನ್ನೇ ಕೇಳಿ. ಹಣ ತಡೆಯಬೇಕಾಗಿ ಬಂದರೆ ಯಾವ ಬಾಬತ್ತಿಗೆ ಎಷ್ಟು ಎಂದು ತಿಳಿಸಿ ಅಷ್ಟನ್ನೇ ತಡೆಯಿರಿ. ಕಟ್ಟಿಕೊಡುವವರಿಗೆ ಹೇಳುವುದು ಇನ್ನೂ ಕಡಿಮೆ: ನಿಮ್ಮ ಕೈಕೆಳಗಿನ ಹುಡುಗ ಜೋಡಿಸಿದ ಪ್ರತಿಯೊಂದು ಕಾಗದದ ಮೇಲೂ ಇರುವುದು ನಿಮ್ಮ ಹೆಸರು.

ಆ ಶಿಷ್ಯನ ಮಗಳ ಮದುವೆ ಮರುವರ್ಷ ಆಯಿತು. ಊಟಕ್ಕೆ ಕುಳಿತಾಗ ಅವನು ಪಕ್ಕಕ್ಕೆ ಬಂದು, ಈಗ ತನ್ನ ಒಪ್ಪಂದದ ಕಾಗದ ನಾಲ್ಕು ಪುಟವಾಗಿದೆಯೆಂದೂ, ಬಾಲ್ಕನಿಗೊಂದು ಸಾಲು, ಪೋರ್ಟಿಕೊಗೊಂದು ಸಾಲು ಇದೆಯೆಂದೂ ಹೇಳಿದ. “ಓದಿ ಸಹಿ ಮಾಡಿ ಅಂದರೆ ಜನ ಬೇಜಾರು ಮಾಡ್ಕೋತಾರೆ ಸಾರ್” ಎಂದ. ಮಾಡಿಕೊಳ್ಳಲಿ, ನೀನು ಓದಿಸಿಯೇ ಸಹಿ ಹಾಕಿಸು ಎಂದೆ.